ಬ್ಲಾಕ್ ಮಾಡಿದ್ದ ಗೆಳೆಯ ತೀರಿಹೋದ, ಅವನ ಫೋನ್ ನೋಡಲು ಕೇಳಬಹುದೇ?

ಪ್ರಶ್ನೆ: ನನಗೂ ನನ್ನ ಗೆಳೆಯನಿಗೂ ಕಾಲೇಜಿನ ದಿನಗಳಿಂದ ಒಡನಾಟ. ನಮ್ಮನ್ನು ಹತ್ತಿರ ತಂದದ್ದು ಸಂಗೀತ. ಅವನು ಗಿಟಾರ್ ನುಡಿಸುತ್ತಿದ್ದ, ನಾನು ಹಾಡುತ್ತಿದ್ದೆ. ಕೆಲಸ, ಸಂಸಾರ ಎಂದು ಬೇರೆ ಬೇರೆ ಊರು ಸೇರಿದ ಮೇಲೂ ಸ್ಪಾಟಿಫೈನಲ್ಲಿ ಇಬ್ಬರೂ ಸೇರಿ ಒಂದು ಪ್ಲೇಲಿಸ್ಟ್ ಮಾಡಿಕೊಂಡು, ಮನಸ್ಸಿಗೆ ಹಿಡಿಸಿದ ಹಾಡುಗಳನ್ನು ಅದಕ್ಕೆ ಸೇರಿಸುತ್ತ ಬಂದಿದ್ದೆವು. ಕಳೆದ ಚುನಾವಣೆಯ ಹೊತ್ತಿಗೆ ಅವನು ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ದಿನವೂ ರಾಜಕೀಯದ ಫಾರ್ವರ್ಡ್‌ಗಳನ್ನು ಹಾಕತೊಡಗಿದ. ಅವುಗಳಲ್ಲೊಂದು ನನ್ನಂಥವರನ್ನೇ ಹೀಯಾಳಿಸುವಂತಿತ್ತು. ನಾನು ಎಲ್ಲರೆದುರು ಕಟುವಾಗಿ ಉತ್ತರಿಸಿದೆ, ಅವನೂ ಬಿಡಲಿಲ್ಲ. ಆ ರಾತ್ರಿಯೇ ಅವನನ್ನೂ ಅವನ ಪರ ನಿಂತ ಇನ್ನೂ ಮೂವರನ್ನೂ ಬ್ಲಾಕ್ ಮಾಡಿದೆ. ಕೆಲವು ತಿಂಗಳ ನಂತರ ಅವನು ಹೃದಯಾಘಾತದಿಂದ ತೀರಿಹೋದ.

ಸುದ್ದಿ ತಿಳಿದ ಕೂಡಲೇ ಅನ್‌ಬ್ಲಾಕ್ ಮಾಡಿದೆ. ಒಂದು ಸಂದೇಶವೂ ಬರಲಿಲ್ಲ. ಆದರೆ ಪ್ಲೇಲಿಸ್ಟ್ ತೆರೆದರೆ, ಜಗಳವಾದ ಮೇಲೂ ಅವನು ಎರಡು ಹಾಡುಗಳನ್ನು ಸೇರಿಸಿದ್ದಾನೆ. ಅವು ನನಗಾಗಿಯೇ? ಅವನ ಹೆಂಡತಿ ಕರೆ ಮಾಡಿ, ನುಡಿನಮನದ ದಿನಕ್ಕೆ ಹಾಡುಗಳನ್ನು ನೀವೇ ಆರಿಸಿಕೊಡಿ, ನಾಲ್ಕು ಮಾತನ್ನೂ ಆಡಿ ಎಂದಿದ್ದಾರೆ. ಅವರಿಗೆ ಜಗಳದ ವಿಷಯ ಗೊತ್ತೋ ಇಲ್ಲವೋ ತಿಳಿಯದು. ಗುಂಪಿನಲ್ಲಿ ಒಬ್ಬ, ‘ಬದುಕಿದ್ದಾಗ ಬ್ಲಾಕ್, ಸತ್ತ ಮೇಲೆ ಕಣ್ಣೀರು’ ಎಂದು ಬರೆದ. ಅವನ ಫೇಸ್‌ಬುಕ್ ಪುಟದಲ್ಲಿ ಶ್ರದ್ಧಾಂಜಲಿಗಳ ಕೆಳಗೂ ರಾಜಕೀಯದ ಕಚ್ಚಾಟ ನಡೆದಿದೆ. ನಾನು ಆ ಸಭೆಗೆ ಹೋಗಬಹುದೇ? ಅವನು ನನಗೆ ಏನಾದರೂ ಬರೆದಿದ್ದನೋ ಎಂದು ತಿಳಿಯಲು, ಒಮ್ಮೆ ಅವನ ಫೋನ್ ತೋರಿಸಿ ಎಂದು ಅವನ ಹೆಂಡತಿಯನ್ನು ಕೇಳಬಹುದೇ? (ಹೆಸರು ಬೇಡ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವೆಲ್ಲ ಅದನ್ನೇ ಸುತ್ತುತ್ತಿವೆ. ಫೋನ್ ಕೇಳಬೇಡಿ.

ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣಗಳಿವೆ. ವಾಟ್ಸಾಪ್‌ನಲ್ಲಿ ನಾವು ಒಬ್ಬರನ್ನು ಬ್ಲಾಕ್ ಮಾಡಿದ್ದಾಗ ಅವರು ನಮಗೆ ಕಳುಹಿಸಿದ ಸಂದೇಶ ಅವರ ಫೋನಿನಲ್ಲೇ ಒಂಟಿ ಬೂದು ಟಿಕ್ಕಿನೊಂದಿಗೆ ನಿಂತುಬಿಡುತ್ತದೆ. ಮುಂದೆ ನಾವು ಬ್ಲಾಕ್ ತೆಗೆದರೂ ಆ ಅವಧಿಯ ಸಂದೇಶಗಳು ನಮ್ಮನ್ನು ತಲುಪುವುದಿಲ್ಲ. ಆದ್ದರಿಂದ ಅನ್‌ಬ್ಲಾಕ್ ಮಾಡಿದ ಮೇಲೆ ನೀವು ಕಂಡ ಖಾಲಿ ಪರದೆಯಿಂದ ಅವರು ಬರೆದಿದ್ದರೆಂದೂ ತಿಳಿಯುವುದಿಲ್ಲ, ಬರೆದಿರಲಿಲ್ಲವೆಂದೂ ತಿಳಿಯುವುದಿಲ್ಲ. ಅದನ್ನು ನಿಮ್ಮ ಗೆಳೆಯನ ಮೌನವೆಂದು ಓದಿಕೊಂಡು ನೀವು ಈಗಾಗಲೇ ಸಾಕಷ್ಟು ನೊಂದಿದ್ದೀರಿ. ಕನಿಷ್ಠ ಆ ಒಂದು ನೋವನ್ನು ಕೆಳಗಿಡಬಹುದು. ಆದರೆ ಇದೇ ಸಂಗತಿ ನಿಮ್ಮಲ್ಲಿ ಇನ್ನೊಂದು ಆಸೆಯನ್ನು ಹುಟ್ಟಿಸೀತೆಂಬ ಅಳುಕೂ ನನಗಿದೆ: ಹಾಗಾದರೆ ಉತ್ತರ ಆ ಫೋನಿನಲ್ಲೇ ಇರಬೇಕಲ್ಲ ಎಂದು.

ಇದ್ದರೂ ಇರಬಹುದು. ಅಲ್ಲಿ ನಿಮಗೆ ಏನು ಸಿಕ್ಕೀತೆಂದು ಒಮ್ಮೆ ನಿಧಾನವಾಗಿ ಯೋಚಿಸಿ. ಕ್ಷಮೆ ಕೇಳಿದ ನಾಲ್ಕು ಸಾಲು ಸಿಕ್ಕರೆ, ಅದನ್ನು ನಾನು ಓದಲಿಲ್ಲವಲ್ಲ ಎಂಬ ಸಂಕಟ ಈಗಿನದಕ್ಕಿಂತ ಹೆಚ್ಚೇ ಆಗುತ್ತದೆ. ಜಗಳದ ಬಿಸಿಯಲ್ಲಿ ಬರೆದ ಬೈಗುಳ ಸಿಕ್ಕರೆ, ಆಮೇಲೆ ಅವರ ಮನಸ್ಸು ಬದಲಾಗಿತ್ತೇ ಇಲ್ಲವೇ ಎಂದು ಕೇಳಲು ಅವರಿಲ್ಲ. ಅದೇ ಅವರ ಕೊನೆಯ ಮಾತೆಂದು ನಿಮ್ಮ ಮನಸ್ಸಿನಲ್ಲಿ ಕೂತುಬಿಡುತ್ತದೆ. ಏನೂ ಸಿಗದಿದ್ದರೆ, ಬರೆದು ಅಳಿಸಿರಬಹುದೇ ಎಂಬ ಹೊಸ ಪ್ರಶ್ನೆ ಏಳುತ್ತದೆ. ನೀವು ಹುಡುಕುತ್ತಿರುವುದು ಕ್ಷಮೆ ಎಂದು ನನಗನ್ನಿಸುತ್ತದೆ, ಮತ್ತು ಕ್ಷಮಿಸಬೇಕಾದವರು ಇಲ್ಲದ ಮೇಲೆ ಯಾವ ಸಂದೇಶವೂ ಅದನ್ನು ನಿಮಗೆ ಪೂರ್ತಿಯಾಗಿ ಕೊಡಲಾರದು.

ಇನ್ನು ಅವರ ಪತ್ನಿಯ ಕಡೆಯಿಂದ ನೋಡಿ. ಆ ಫೋನಿನಲ್ಲಿ ನಿಮ್ಮ ಸಂದೇಶವೊಂದೇ ಇಲ್ಲ. ಅವರಿಬ್ಬರ ಮಾತುಗಳಿವೆ, ಮನೆಯ ಲೆಕ್ಕಾಚಾರಗಳಿವೆ, ಗಂಡ ಯಾರಿಗೂ ಹೇಳದೆ ಇಟ್ಟುಕೊಂಡ ಚಿಂತೆಗಳೂ ಇರಬಹುದು. ಅದನ್ನು ತೆರೆಯುವ ಧೈರ್ಯ ಅವರಿಗೇ ಇನ್ನೂ ಬಂದಿದೆಯೋ ಇಲ್ಲವೋ. ನೀವು ಕೇಳಿದರೆ ಅವರು ಮೊದಲು ತಾವು ಓದಿ ಆಮೇಲೆ ನಿಮಗೆ ತೋರಿಸಬೇಕಾಗುತ್ತದೆ, ಅಥವಾ ಓದದೆ ನಿಮ್ಮ ಕೈಗೆ ಕೊಡಬೇಕಾಗುತ್ತದೆ. ಎರಡೂ ಅವರ ಪಾಲಿಗೆ ಭಾರವೇ. ಫೇಸ್‌ಬುಕ್ 2015ರಲ್ಲಿ, ಬಳಕೆದಾರರು ತಾವು ಸತ್ತ ಮೇಲೆ ತಮ್ಮ ಖಾತೆಯನ್ನು ನೋಡಿಕೊಳ್ಳಲು ಒಬ್ಬರನ್ನು ಮೊದಲೇ ಹೆಸರಿಸಿಡುವ ಏರ್ಪಾಡು ತಂದಾಗ, ಹಾಗೆ ಹೆಸರಿಸಿದವರಿಗೂ ಖಾಸಗಿ ಸಂದೇಶಗಳನ್ನು ಓದುವ ಅವಕಾಶವನ್ನು ಕೊಡಲಿಲ್ಲ. ನಮ್ಮ ಖಾಸಗಿ ಬದುಕಿನ ಬಗ್ಗೆ ಅಂಥ ದೊಡ್ಡ ಮರ್ಯಾದೆಯನ್ನೇನೂ ತೋರಿಸದ ಉದ್ಯಮವೊಂದು ಇಲ್ಲಿ ಮಾತ್ರ ಸರಿಯಾದ ಜಾಗದಲ್ಲಿ ಗೆರೆ ಎಳೆದಿದೆ ಎಂಬುದು ನನ್ನ ಅಭಿಪ್ರಾಯ. ಮುಂದೆ ಎಂದಾದರೂ ಅವರ ಪತ್ನಿಯೇ, ‘ಇದು ನಿಮಗೆ ಸೇರಿದ್ದು, ನೋಡಿ’ ಎಂದು ತಾವಾಗಿ ಕೊಟ್ಟರೆ ಆ ಮಾತೇ ಬೇರೆ. ಬಳಕೆಯಿಲ್ಲದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನಗಳಲ್ಲಿ ರದ್ದಾಗುತ್ತದೆಂದು ಎಲ್ಲಿಯಾದರೂ ಓದಿ, ಅದನ್ನೊಂದು ಗಡುವೆಂದು ಭಾವಿಸಿ ಅವಸರಪಡಬೇಡಿ.

ಪ್ಲೇಲಿಸ್ಟಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಆ ಎರಡು ಹಾಡುಗಳು. ಅವು ನಿಮಗಾಗಿಯೇ ಎಂದು ನಾನು ಹೇಳಿದರೆ ನಿಮಗೆ ಹಿತವಾಗುತ್ತದೆಂದು ಗೊತ್ತು, ಆದರೆ ಹೇಳಲಾರೆ. ಒಂದು ಹಾಡು ಇಷ್ಟವಾದಾಗ ಕೈ ತಾನಾಗಿ ಹಳೆಯ ಪಟ್ಟಿಗೆ ಹೋಗುವುದೂ ಉಂಟು. ವರ್ಷಗಳ ರೂಢಿ ಅದು. ಸಾಹಿತ್ಯದ ಸಾಲುಗಳನ್ನು ಬಿಡಿಸಿ ಬಿಡಿಸಿ ನೋಡುತ್ತ, ‘ಇಲ್ಲಿ ದೂರ ಎಂಬ ಮಾತಿದೆ, ಅದು ನನ್ನ ಬಗ್ಗೆಯೇ’ ಎಂಬಂಥ ಲೆಕ್ಕಕ್ಕೆ ಇಳಿಯಬೇಡಿ. ಯಾವ ಪ್ರೇಮಗೀತೆಯನ್ನಾದರೂ ಹಾಗೆ ಓದಿದರೆ ಅದರಲ್ಲಿ ಕ್ಷಮಾಪಣೆ ಸಿಕ್ಕೇ ಸಿಗುತ್ತದೆ.

ಊಹೆಯನ್ನು ಬದಿಗಿಟ್ಟರೂ ಉಳಿಯುವ ಸಂಗತಿಯೊಂದಿದೆ. ಜಗಳದ ನಂತರ ಅವರು ಆ ಪಟ್ಟಿಯನ್ನು ಅಳಿಸಲಿಲ್ಲ, ನಿಮ್ಮನ್ನು ಅದರಿಂದ ಹೊರಗಿಡಲಿಲ್ಲ, ಬೇರೊಂದು ಪಟ್ಟಿ ಮಾಡಿಕೊಳ್ಳುವುದು ಕೆಲವೇ ಕ್ಷಣಗಳ ಕೆಲಸವಾಗಿದ್ದರೂ ನಿಮಗೆ ಕಾಣುವ ಜಾಗದಲ್ಲಿಯೇ ಹಾಡನ್ನು ಇಟ್ಟರು. ನೀವೂ ಅಷ್ಟೆ: ಆ ರಾತ್ರಿಯ ಸಿಟ್ಟಿನಲ್ಲಿ ವಾಟ್ಸಾಪ್‌ನಲ್ಲಿ ಮುಚ್ಚಿದ ಬಾಗಿಲನ್ನು ಸ್ಪಾಟಿಫೈನಲ್ಲಿ ಮುಚ್ಚಲಿಲ್ಲ. ಮರೆತಿದ್ದೆ ಎಂದು ನೀವು ಹೇಳಬಹುದು. ಅವರೂ ಮರೆತಿರಬಹುದು. ಹಾಗಿದ್ದರೂ ಇಬ್ಬರೂ ಮುರಿಯಬೇಕೆಂದು ಯೋಚಿಸದೆ ಬಿಟ್ಟದ್ದೊಂದು ನಿಮ್ಮಿಬ್ಬರ ನಡುವೆ ಉಳಿದಿತ್ತು. ಫೋನಿನಲ್ಲಿ ಹುಡುಕಬೇಕೆಂದಿರುವುದಕ್ಕಿಂತ ಇದು ಗಟ್ಟಿಯಾದ ಸಾಕ್ಷ್ಯವೆಂದು ನಾನು ಎಣಿಸುತ್ತೇನೆ, ಏಕೆಂದರೆ ಇದನ್ನು ಓದಲು ಯಾರ ಅನುಮತಿಯೂ ಬೇಡ, ಇದಕ್ಕೆ ಇಲ್ಲದ ಅರ್ಥವನ್ನು ಹಚ್ಚಬೇಕಾಗಿಯೂ ಇಲ್ಲ.

ಒಂದು ವ್ಯವಹಾರದ ಮಾತು: ಆ ಪಟ್ಟಿಯನ್ನು, ಯಾವ ಹಾಡನ್ನು ಯಾರು ಯಾವಾಗ ಸೇರಿಸಿದ್ದೆಂಬ ವಿವರದೊಂದಿಗೆ, ಇವತ್ತೇ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ನಾಳೆ ಮನೆಯವರು ಅವರ ಖಾತೆಯನ್ನು ಮುಚ್ಚಿಸಬಹುದು, ಕಂಪನಿ ತನ್ನ ನಿಯಮವನ್ನು ಬದಲಿಸಬಹುದು, ಒಂದು ಹಾಡಿನ ಹಕ್ಕು ಕೈಬದಲಾಗಿ ಅದು ಪಟ್ಟಿಯಿಂದಲೇ ಮಾಯವಾಗಬಹುದು. ಕೇಳುವುದಕ್ಕೆ ಇನ್ನೂ ಮನಸ್ಸಾಗದಿದ್ದರೆ ಕೇಳಬೇಡಿ. ಹರೆಯದಲ್ಲಿ ಕೇಳಿದ ಹಾಡುಗಳು ಆ ಕಾಲದ ನೆನಪುಗಳನ್ನು ಮುಂದಿನ ವರ್ಷಗಳ ಹಾಡುಗಳಿಗಿಂತ ತೀವ್ರವಾಗಿ ಎಬ್ಬಿಸುತ್ತವೆಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಜೊತೆಗೆ ಅವರ ಗಿಟಾರಿಗೆ ನೀವು ದನಿಗೂಡಿಸಿದ ಹಾಡುಗಳಿವು. ಕೇಳುವ ದಿನ ಬಂದಾಗ ಶಫಲ್ ಹಾಕದೆ, ಯಾವ ಹಾಡು ಬರಲಿದೆಯೆಂದು ಗೊತ್ತಿಟ್ಟುಕೊಂಡು ಕೇಳಿ, ಮತ್ತು ಪಟ್ಟಿ ಮುಗಿದ ಮೇಲೆ ಆ್ಯಪ್ ತನ್ನಷ್ಟಕ್ಕೆ ಮುಂದಿನ ಹಾಡನ್ನು ಹಾಕುವ ಸೌಲಭ್ಯವನ್ನು ನಿಲ್ಲಿಸಿಡಿ.

ಈಗ ಜಗಳದ ವಿಷಯ. ನೀವು ಪತ್ರದುದ್ದಕ್ಕೂ ಬ್ಲಾಕ್ ಮಾಡಿದ್ದನ್ನು ಒಂದು ಅಪರಾಧದಂತೆ ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ನಿಮ್ಮಂಥವರನ್ನು ಹೀಯಾಳಿಸುವ ಬರಹವನ್ನು ನೀವು ಕೂತಿರುವ ಗುಂಪಿನಲ್ಲೇ ಹಾಕಿದಾಗ ಅವರು ನಿಮ್ಮನ್ನು ನೋಯಿಸಿದರು. ತೀರಿಹೋದರೆಂಬ ಕಾರಣಕ್ಕೆ ಆ ನೋವು ಸುಳ್ಳಾಗುವುದಿಲ್ಲ. ಬರೆದವರು ಬೇರೆ ಯಾರೋ, ಅವರು ಬರಿಯ ಫಾರ್ವರ್ಡ್ ಮಾಡಿದರು ಎಂಬ ಸಮರ್ಥನೆ ಅರ್ಧ ಮಾತ್ರ ನಿಜ, ಏಕೆಂದರೆ ಕಳುಹಿಸುವ ಗುಂಡಿಯನ್ನು ಒತ್ತಿದವರು ಅವರೇ. ಬ್ಲಾಕ್ ಮಾಡಿದಾಗ ನೀವು ಬಯಸಿದ್ದು ಆ ಮಾತುಗಳು ನಿಲ್ಲಲಿ ಎಂದೇ ಹೊರತು ಆ ಮನುಷ್ಯ ಇಲ್ಲವಾಗಲಿ ಎಂದಲ್ಲ. ಮುಂದೆ ಸಮಯವಿದೆ ಎಂದುಕೊಂಡಿದ್ದಿರಿ. ಹಾಗೆ ಅಂದುಕೊಳ್ಳದೆ ಯಾರೂ ಯಾರೊಡನೆಯೂ ಜಗಳವಾಡಲಾರರು.

ಆದರೆ ಉಳಿದರ್ಧವೂ ಇದೆ, ಅದನ್ನೂ ಹೇಳಬೇಕು. ನೀವು ಕೊನೆಯ ತಿಂಗಳುಗಳಲ್ಲಿ ಕಂಡದ್ದು ಆ ಗೆಳೆಯನ ಒಂದು ಮಗ್ಗುಲನ್ನು, ಅದೂ ಬೇರೆಯವರು ಬರೆದುಕೊಟ್ಟ ಮಾತುಗಳಲ್ಲಿ. ಬಹಳ ಕೈ ದಾಟಿ ಬಂದ ಸಂದೇಶಕ್ಕೆ ವಾಟ್ಸಾಪ್ ಎರಡು ಬಾಣದ ಗುರುತು ಹಾಕುತ್ತದೆ, 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಲು ಬಿಡುತ್ತದೆ. ಹಾಗೆ ಊರೂರು ಸುತ್ತಿ ಬರುವ ಬರಹಗಳು ಸುಮ್ಮನೆ ಸುತ್ತುವುದಿಲ್ಲ. ಅಮೆರಿಕದ ಸಂಶೋಧಕರು 5 ಲಕ್ಷಕ್ಕೂ ಹೆಚ್ಚು ಟ್ವೀಟ್‌ಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ನೀತಿ ಮತ್ತು ಭಾವೋದ್ವೇಗ ಎರಡನ್ನೂ ಕೆರಳಿಸುವ ಒಂದೊಂದು ಪದ ಹೆಚ್ಚಾದಂತೆ ಆ ಟ್ವೀಟ್ ಹರಡುವ ಸಾಧ್ಯತೆ ಸುಮಾರು ಶೇ. 20ರಷ್ಟು ಏರುತ್ತಿತ್ತು. ಟ್ವಿಟರ್ ಬೇರೆ, ವಾಟ್ಸಾಪ್ ಬೇರೆ. ಆದರೂ ಸೌಮ್ಯವಾದ ರಾಜಕೀಯ ಬರಹವೊಂದು ನೂರು ಗುಂಪುಗಳನ್ನು ದಾಟಿ ನಿಮ್ಮಲ್ಲಿಗೆ ಬಂದದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ನಿಮ್ಮಿಬ್ಬರಿಗೆ ರಾಜಕೀಯದಲ್ಲಿ ಭಿನ್ನಾಭಿಪ್ರಾಯ ಮೊದಲಿನಿಂದಲೂ ಇದ್ದಿರಬೇಕು, ಇಬ್ಬರೇ ಕೂತು ಮಾತಾಡುವಾಗ ಅದು ತಡೆದುಕೊಳ್ಳುವಷ್ಟೇ ಇದ್ದಿರಬೇಕು. ಹಲವರ ಕಣ್ಣೆದುರು ಅದೇ ಮಾತು ಸೋಲು ಗೆಲುವಿನ ಪ್ರಶ್ನೆಯಾಗಿಬಿಟ್ಟಿತು. ಜೆಫ್ರಿ ಹಾಲ್ ಎಂಬ ಸಂವಹನ ಸಂಶೋಧಕರು, ಪರಿಚಯವೊಂದು ಆಪ್ತ ಸ್ನೇಹವಾಗಲು 200 ಗಂಟೆಗಳಿಗೂ ಹೆಚ್ಚಿನ ಒಡನಾಟ ಬೇಕೆಂದು ಅಂದಾಜಿಸಿದ್ದಾರೆ. ಫಾರ್ವರ್ಡ್ ಮಾಡಲು ಎರಡು ಕ್ಷಣ ಸಾಕು. ಆ ಮನುಷ್ಯನನ್ನು ನೆನೆಯುವಾಗ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬುದು ನಿಮ್ಮ ಕೈಯಲ್ಲಿದೆ. ಫಾರ್ವರ್ಡ್‌ಗಳಿಗೆ ಸ್ವಲ್ಪವೂ ತೂಕ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ.

ನಿಮ್ಮ ದುಃಖ ಉಳಿದವರದಕ್ಕಿಂತ ಬೇರೆ ರೀತಿಯದು ಎಂದು ನಿಮಗೆ ಅನ್ನಿಸಿದ್ದರೆ ಅದು ಸರಿಯೇ. ನೀವು ಈ ಗೆಳೆಯನನ್ನು ಎರಡು ಬಾರಿ ಕಳೆದುಕೊಂಡಿದ್ದೀರಿ. ಬದುಕಿದ್ದೂ ನಮ್ಮ ಪಾಲಿಗೆ ಇಲ್ಲವಾದವರ ಬಗ್ಗೆ, ಇಲ್ಲವಾದರೂ ಹೋದರೆಂದು ಖಚಿತವಾಗದವರ ಬಗ್ಗೆ ಉಳಿಯುವ ಇತ್ಯರ್ಥವಾಗದ ಅಗಲಿಕೆಯನ್ನು ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಿಂದ ಅಧ್ಯಯನ ಮಾಡುತ್ತ ಬಂದರು. ಅದಕ್ಕೆ ಮುಕ್ತಾಯ ಸಿಗಲೇಬೇಕೆಂದು ಹಟ ಹಿಡಿಯುವುದೇ ನೋವನ್ನು ಬೆಳೆಸುತ್ತದೆ ಎಂಬುದು ಅವರ ನಿಲುವು. ಬ್ಲಾಕ್‌ನ ಆ ತಿಂಗಳುಗಳಲ್ಲಿ ನಿಮ್ಮ ಗೆಳೆಯ ನಿಮಗೆ ಹಾಗೆಯೇ ಇದ್ದರು: ಎಲ್ಲೋ ಇದ್ದಾರೆ, ಮಾತಿಲ್ಲ. ಆ ದುಃಖವನ್ನು ಯಾರೊಡನೆಯೂ ಹೇಳಿಕೊಳ್ಳದೆ ಇದ್ದಾಗಲೇ ಸಾವು ಬಂತು. ಕೆನೆತ್ ಡೋಕಾ ಎಂಬ ಇನ್ನೊಬ್ಬ ವಿದ್ವಾಂಸರು 1989ರಲ್ಲಿ, ಸಮಾಜ ಲೆಕ್ಕಕ್ಕೆ ಹಿಡಿಯದ ದುಃಖದ ಬಗ್ಗೆ ಬರೆದರು. ಗೆಳೆಯರ ದುಃಖ ಬಹುಮಟ್ಟಿಗೆ ಆ ಬಗೆಯದೇ. ಗೆಳೆಯ ತೀರಿಹೋದನೆಂದು ಕಚೇರಿಯಲ್ಲಿ ರಜೆ ಕೇಳಲು ಸಂಕೋಚ, ಯಾರೂ ಬಂದು ನಿಮ್ಮನ್ನು ಮಾತಾಡಿಸುವುದಿಲ್ಲ. ಅದರ ಮೇಲೆ, ನೀವು ಅವರೊಡನೆ ಜಗಳವಾಡಿಕೊಂಡಿದ್ದವರು ಬೇರೆ. ನನಗೆ ಅಳುವ ಹಕ್ಕಿದೆಯೇ ಎಂದು ನೀವು ನೇರವಾಗಿ ಕೇಳದಿದ್ದರೂ ಪತ್ರದ ಸಾಲುಗಳ ನಡುವೆ ಆ ಪ್ರಶ್ನೆ ಇದೆ. ಇದೆ, ಆ ಹಕ್ಕು ನಿಮಗಿದೆ.

ನುಡಿನಮನಕ್ಕೆ ಹೋಗಿ. ಹೋಗುವ ಮುನ್ನ ಅವರ ಪತ್ನಿಗೆ ವಿಷಯ ತಿಳಿಸಿ. ಇದನ್ನು ತಪ್ಪೊಪ್ಪಿಗೆಯಾಗಿ ಮಾಡಬೇಡಿ, ಮಾಹಿತಿಯಾಗಿ ಮಾಡಿ. ‘ಕೆಲವು ತಿಂಗಳಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ, ರಾಜಕೀಯದ ವಿಷಯಕ್ಕೆ ಜಗಳವಾಗಿತ್ತು. ಇದು ನಿಮಗೆ ಗೊತ್ತಿದೆಯೋ ಇಲ್ಲವೋ ತಿಳಿಯದು. ಗೊತ್ತಾದ ಮೇಲೂ ನಾನು ಬರಲಿ, ಮಾತಾಡಲಿ ಎಂದು ನಿಮಗನ್ನಿಸಿದರೆ ಖಂಡಿತ ಬರುತ್ತೇನೆ’ ಎಂದಷ್ಟು ಸಾಕು. ಯಾರು ಏನು ಅಂದರು ಎಂಬ ವಿವರ ಬೇಡ, ಕ್ಷಮಿಸಿ ಎಂದು ಅವರನ್ನು ಕೇಳುವುದೂ ಬೇಡ. ಗಂಡನ ಪರವಾಗಿ ನಿಮ್ಮನ್ನು ಸಮಾಧಾನಪಡಿಸುವ ಕೆಲಸವನ್ನು ಈ ದಿನಗಳಲ್ಲಿ ಅವರ ಮೇಲೆ ಹೊರಿಸಬಾರದು. ಮೊದಲೇ ಹೇಳಬೇಕೆನ್ನುವುದಕ್ಕೆ ಸರಳವಾದ ಕಾರಣವೊಂದಿದೆ: ನೀವು ಹೇಳದಿದ್ದರೆ, ಗುಂಪಿನಲ್ಲಿ ಆ ಕುಹಕದ ಸಾಲು ಬರೆದ ಮಹಾಶಯರು ಸಭೆಯ ದಿನವೇ ಅವರ ಕಿವಿಯಲ್ಲಿ ಹೇಳಿಯಾರು. ಅವರ ಪತ್ನಿಗೆ ಇದು ಮೊದಲೇ ಗೊತ್ತಿರುವ ಸಾಧ್ಯತೆಯೇ ಹೆಚ್ಚೆಂದು ನನ್ನ ಊಹೆ. ಗೊತ್ತಿದ್ದೂ ಅವರು ಕರೆದದ್ದು ನಿಮ್ಮನ್ನೇ.

ಹಾಡುಗಳನ್ನು ಆರಿಸುವಾಗ ಅವರು ಗಿಟಾರಿನಲ್ಲಿ ನುಡಿಸುತ್ತಿದ್ದವನ್ನು, ಅವರ ಮನೆಯವರಿಗೂ ಪರಿಚಯವಿರುವವನ್ನು ಆರಿಸಿ. ಕೊನೆಯ ಆ ಎರಡು ಹಾಡುಗಳನ್ನು ಸಭೆಯಲ್ಲಿ ಹಾಕಿಸಬೇಡಿ. ಅವುಗಳ ಕಥೆ ನಿಮಗೊಬ್ಬರಿಗೇ ಗೊತ್ತಿರುವಾಗ, ಅಲ್ಲಿ ಅವು ಅವರ ನೆನಪಿಗಿಂತ ನಿಮ್ಮ ಸಂಕಟಕ್ಕೇ ಹೆಚ್ಚು ಸೇವೆ ಸಲ್ಲಿಸುತ್ತವೆ. ಮಾತಾಡುವಾಗ, ಅಲ್ಲಿರುವ ಬೇರೆ ಯಾರಿಗೂ ಹೇಳಲಾಗದ್ದನ್ನು ಹೇಳಿ: ಒಂದು ಹಾಡನ್ನು ಅವರು ಹೇಗೆ ಕಲಿಯುತ್ತಿದ್ದರು, ಎಲ್ಲಿ ತಪ್ಪುತ್ತಿದ್ದರು, ನಿಮ್ಮ ಶ್ರುತಿ ಜಾರಿದಾಗ ಏನು ಮಾಡುತ್ತಿದ್ದರು, ಯಾವ ಗಾಯಕರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಜಗಳವನ್ನು ಪ್ರಸ್ತಾಪಿಸುವ ಅಗತ್ಯವಿಲ್ಲ, ಆದರೆ ಸುಳ್ಳನ್ನೂ ಹೇಳಬೇಡಿ. ‘ನಮ್ಮ ನಡುವೆ ಎಂದೂ ಒಂದು ಒರಟು ಮಾತು ಬಂದದ್ದಿಲ್ಲ’ ಎಂಬಂಥ ವಾಕ್ಯಗಳು ಇಂಥ ಸಭೆಗಳಲ್ಲಿ ನಾಲಿಗೆಗೆ ಸಲೀಸಾಗಿ ಬರುತ್ತವೆ. ಎದುರಿಗೆ ಕೂತ ಸಹಪಾಠಿಗಳಿಗೆ ನಿಜ ಗೊತ್ತಿರುತ್ತದೆ, ನಿಮಗೂ ಗೊತ್ತಿರುತ್ತದೆ. ‘ಈಚೆಗೆ ನಾವು ಮಾತಾಡಿರಲಿಲ್ಲ, ಅದಕ್ಕೆ ನನಗೆ ದುಃಖವಿದೆ’ ಎಂಬ ಒಂದು ಸಾಲನ್ನು ಬೇಕೆನಿಸಿದರೆ ಸೇರಿಸಿ ಮುಂದುವರಿಯಿರಿ.

ಫೇಸ್‌ಬುಕ್ ಪುಟದ ಕಚ್ಚಾಟಕ್ಕೆ ಇಳಿಯಬೇಡಿ. ನೀವು ಬರೆದ ಒಂದೊಂದು ಉತ್ತರವೂ ಆ ಚರ್ಚೆಯನ್ನು ಇನ್ನಷ್ಟು ಜನರ ಕಣ್ಣಿಗೆ ಬೀಳಿಸುತ್ತದೆ. ಅವರ ಮನೆಯವರು ಫೇಸ್‌ಬುಕ್‌ಗೆ ಅರ್ಜಿ ಸಲ್ಲಿಸಿ ಆ ಖಾತೆಯನ್ನು ಸ್ಮಾರಕ ಖಾತೆಯಾಗಿ ಬದಲಾಯಿಸಿಕೊಳ್ಳಬಹುದು. ಅದು ಅವರಿಗೆ ಗೊತ್ತಿಲ್ಲದಿದ್ದರೆ, ಎಲ್ಲ ಮುಗಿದು ಸ್ವಲ್ಪ ದಿನ ಕಳೆದ ಮೇಲೆ ತಿಳಿಸಿ. ಗುಂಪಿನಲ್ಲಿ ಕುಹಕವಾಡಿದವರಿಗೆ ಗುಂಪಿನಲ್ಲಿ ಉತ್ತರ ಕೊಡಬೇಡಿ, ಖಾಸಗಿಯಾಗಿಯೂ ಬೇಡ. ಅವರೂ ಒಬ್ಬ ಗೆಳೆಯನನ್ನು ಕಳೆದುಕೊಂಡವರೇ, ಸಿಟ್ಟು ತೀರಿಸಿಕೊಳ್ಳಲು ಹತ್ತಿರ ಸಿಕ್ಕವರು ನೀವು. ಹಾಗೆಂದು ಆ ಮಾತನ್ನು ಸಹಿಸಿಕೊಂಡು ಅಲ್ಲೇ ಇರಬೇಕಾಗಿಲ್ಲ. ಗುಂಪನ್ನು ಮ್ಯೂಟ್ ಮಾಡಬಹುದು, ಬಿಟ್ಟು ಹೊರಬರಲೂಬಹುದು. ಕೆಲವು ತಿಂಗಳಾದ ಮೇಲೂ ನಿದ್ದೆ ಬರದೆ, ಕೆಲಸ ಮಾಡಲಾಗದೆ, ಆ ರಾತ್ರಿಯ ಮಾತುಗಳೇ ಮತ್ತೆ ಮತ್ತೆ ಕಾಡುತ್ತಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ಅದಕ್ಕೂ ಮೊದಲೇ ಕಾಣಬೇಕೆನಿಸಿದರೆ ಕಾಯಬೇಡಿ.

ಕೊನೆಯದಾಗಿ, ಅದೇ ರಾತ್ರಿ ನೀವು ಬ್ಲಾಕ್ ಮಾಡಿದ ಇನ್ನೂ ಮೂವರಿದ್ದಾರೆ. ಅವರ ಬಗ್ಗೆ ನೀವು ಏನನ್ನೂ ಕೇಳಿಲ್ಲ, ಆದರೆ ಸಭೆಯಲ್ಲಿ ಅವರಲ್ಲಿ ಯಾರಾದರೂ ಎದುರಾಗಬಹುದು. ಅವರೂ ನಾಳೆ ಇಲ್ಲವಾದರೆ ಎಂಬ ಭಯದಿಂದ ಮೂವರನ್ನೂ ಒಟ್ಟಿಗೆ ಅನ್‌ಬ್ಲಾಕ್ ಮಾಡಬೇಡಿ. ಭಯದಿಂದ ತೆರೆದದ್ದನ್ನು ಮುಂದಿನ ಚುನಾವಣೆಯಲ್ಲಿ ಸಿಟ್ಟಿನಿಂದ ಮತ್ತೆ ಮುಚ್ಚುತ್ತೀರಿ. ರಾಜಕೀಯ ಬಿಟ್ಟು ಬೇರೆ ಏನನ್ನಾದರೂ ಮಾತಾಡಬೇಕೆಂದು ನಿಮಗೆ ನಿಜವಾಗಿ ಅನ್ನಿಸುವವರು ಅವರಲ್ಲಿ ಒಬ್ಬರಿದ್ದರೆ, ಸಭೆಗೆ ಮೊದಲೇ ಅವರಿಗೆ ಕರೆ ಮಾಡಿ. ಸಂದೇಶ ಬೇಡ, ದನಿ ಕೇಳಿಸಲಿ. ಉಳಿದಿಬ್ಬರ ವಿಷಯವನ್ನು ಈ ತಿಂಗಳು ತೀರ್ಮಾನಿಸಬೇಕಾಗಿಲ್ಲ.